ಹುಂಡಿ, ತಲೆದಿಂಬು ಮತ್ತು ಬಜಾರಿನ ಮಾತು

ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳಿಗೆ ಬಿಲ್ ಆಫ್ ಎಕ್ಸ್‌ಚೇಂಜ್ ಎಂದರೇನೆಂದು ಹೇಳಬೇಕಾಗಿಲ್ಲ. ಬಿಲ್ ಬರೆಯುವವನು ಒಬ್ಬ, ಹಣ ಕೊಡಬೇಕಾದವನು ಒಬ್ಬ, ಹಣ ಪಡೆಯುವವನು ಒಬ್ಬ. ಮೂವರನ್ನು ಸರಿಯಾಗಿ ಗುರುತಿಸಿ ಜರ್ನಲ್ ಎಂಟ್ರಿ ಬರೆದರೆ ಅಂಕ ಸಿಗುತ್ತದೆ. ಹಳೆಯ ಕಾಲದ ನಮ್ಮ ವ್ಯಾಪಾರಿಗಳು ಇಂಥ ಕೆಲಸವನ್ನೇ ಹುಂಡಿಯಿಂದ ಮಾಡುತ್ತಿದ್ದರು. ಎಂಟ್ರಿ ತಪ್ಪಾದರೆ ನಮಗೆ ಒಂದೆರಡು ಅಂಕ ಹೋಗುತ್ತದೆ, ಅಷ್ಟೆ. ಆದರೆ ಎಂಟ್ರಿ ಸರಿಯಾಗಿಯೇ ಇದ್ದು, ಅದನ್ನು ಓದಿದವರು ತಪ್ಪಾಗಿ ತಿಳಿದದ್ದರಿಂದ ಒಬ್ಬ ಮನುಷ್ಯ ಬೇಡಿ ತೊಟ್ಟು ಹದಿನೇಳು ತಿಂಗಳು ಸೆರೆಯಲ್ಲಿ ಇರಬೇಕಾಯಿತು. ಅವನ ಹೆಸರು ಅಡೋನಿರಾಮ್ ಜಡ್ಸನ್. ಅವನನ್ನು ಜೀವಂತವಾಗಿ ಉಳಿಸಿದವಳು ಅವನ ಹೆಂಡತಿ ಆನ್. ಇಬ್ಬರೂ ಅಮೆರಿಕದವರು. ಕ್ರೈಸ್ತ ಧರ್ಮಪ್ರಚಾರಕರಾಗಿ ಬರ್ಮಾ ದೇಶದಲ್ಲಿ, ಅಂದರೆ ಇಂದಿನ ಮ್ಯಾನ್ಮಾರ್‌ನಲ್ಲಿ, ಮನೆ ಮಾಡಿಕೊಂಡಿದ್ದವರು.

ಈ ದಂಪತಿಯ ಬಗ್ಗೆ ಬರೆಯುವವರು ಹೆಚ್ಚಾಗಿ ಅವರ ಧರ್ಮಪ್ರಚಾರದ ಬಗ್ಗೆ ಬರೆಯುತ್ತಾರೆ. ನಾನು ಅವರ ದಿನನಿತ್ಯದ ಜೀವನವನ್ನು ನೋಡಲು ಪ್ರಯತ್ನಿಸಿದ್ದೇನೆ. ಅವರ ಮನೆ ಎರಡು ವಸ್ತುಗಳಿಂದ ನಡೆಯುತ್ತಿತ್ತು. ಒಂದು, ದೂರದ ದೇಶದಿಂದ ಬರುತ್ತಿದ್ದ ಹಣ. ಇನ್ನೊಂದು, ನೆರೆಹೊರೆಯವರಿಂದ ಕಲಿತ ಭಾಷೆ. ಕಷ್ಟ ಬಂದಾಗ ಹಣ ಅವರನ್ನು ಸಿಕ್ಕಿಸಿತು, ಭಾಷೆ ಅವರನ್ನು ಉಳಿಸಿತು.

ರಂಗೂನಿಗೆ ಬಂದದ್ದು

ಆನ್ ಮತ್ತು ಅಡೋನಿರಾಮ್ 1812ರ ಫೆಬ್ರವರಿ 5ರಂದು ಮದುವೆಯಾದರು. ಎರಡು ವಾರಗಳಲ್ಲೇ ಹಡಗು ಹತ್ತಿದರು. ಜೂನ್ ತಿಂಗಳಲ್ಲಿ ಕಲ್ಕತ್ತಾ ತಲುಪಿದರು. ಆದರೆ ಆಗ ಈಸ್ಟ್ ಇಂಡಿಯಾ ಕಂಪನಿಗೆ ಧರ್ಮಪ್ರಚಾರಕರು ಬರುವುದು ಇಷ್ಟವಿರಲಿಲ್ಲ. ದೇಶ ಬಿಟ್ಟು ಹೋಗಿ ಎಂದು ಕಂಪನಿ ಆಜ್ಞೆ ಮಾಡಿತು. ಅವರು ಮಾರಿಷಸ್ ದ್ವೀಪಕ್ಕೆ ಹೋಗಿ, ಅಲ್ಲಿಂದ ಮದರಾಸಿಗೆ ಬಂದು, ಅಲ್ಲಿಯೂ ನಿಲ್ಲಲಾಗದೆ ಬರ್ಮಾಕ್ಕೆ ಹೊರಟ ಒಂದು ಹಡಗನ್ನು ಹತ್ತಿದರು. ದಾರಿಯಲ್ಲಿ ಆನ್‌ಗೆ ಹೆರಿಗೆಯಾಯಿತು, ಮಗು ಬದುಕಲಿಲ್ಲ. 1813ರ ಜುಲೈ 13ರಂದು ಅವರು ರಂಗೂನಿನಲ್ಲಿ ಇಳಿದರು. ಆಗ ಅವನಿಗೆ 24 ವರ್ಷ, ಅವಳಿಗೆ 23.

ಕಂಪನಿಯೇ ಇವರನ್ನು ಹೊರಗೆ ಹಾಕಿತ್ತು ಎಂಬುದನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತದೆ.

ರಂಗೂನಿನಲ್ಲಿ ಅವರಿಗೆ ಸಿಕ್ಕಿದ್ದು ಊರಿನ ಗೋಡೆಯ ಹೊರಗಿದ್ದ ಒಂದು ಮನೆ. ಅದು ಬಂಗಾಳದ ಶ್ರೀರಾಮಪುರದಲ್ಲಿದ್ದ ವಿಲಿಯಂ ಕೇರಿಯ ಮಗ ಫೆಲಿಕ್ಸ್ ಕೇರಿ ವಾಸಿಸುತ್ತಿದ್ದ ಮನೆ. ಕನ್ನಡಿಗರಾದ ನಮಗೂ ಆ ಶ್ರೀರಾಮಪುರದ ನಂಟು ಇದೆ. ವಿಲಿಯಂ ಕೇರಿ ಬರೆದ ಕನ್ನಡ ವ್ಯಾಕರಣ 1817ರಲ್ಲಿ ಅಲ್ಲಿಯೇ ಅಚ್ಚಾಯಿತು. ಬರ್ಮೀ ಅಕ್ಷರದ ಮೊಳೆಗಳೂ ಅಚ್ಚಿನ ಯಂತ್ರವೂ ಜಡ್ಸನ್ ದಂಪತಿಗೆ ಬಂದದ್ದು ಅಲ್ಲಿಂದಲೇ.

ಊಟದ ವಿಷಯವನ್ನು ಆನ್ ತನ್ನ ಪತ್ರಗಳಲ್ಲಿ ಬರೆದಿದ್ದಾಳೆ. ಬ್ರೆಡ್ ಇಲ್ಲ, ಬೆಣ್ಣೆ ಇಲ್ಲ, ಆಲೂಗಡ್ಡೆ ಇಲ್ಲ. ಅನ್ನ ಮತ್ತು ಕೋಳಿ ಸಾರು, ಇಲ್ಲವೆಂದರೆ ಸೌತೆಕಾಯಿ ಹಾಕಿ ಬೇಯಿಸಿದ ಕೋಳಿ. ನಮಗೆ ಇದು ದಾವತ್ ಊಟದಂತೆ ಕಾಣಬಹುದು. ಆದರೆ ಹುಟ್ಟಿದಂದಿನಿಂದ ಬ್ರೆಡ್ ತಿಂದವರಿಗೆ ಅದು ಬೇರೆಯೇ ಲೋಕ. ಊರಿನಿಂದ ಪತ್ರ ಬರಬೇಕಾದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಯಬೇಕಿತ್ತು.

ಭಾಷೆ ಕಲಿತ ಎರಡು ದಾರಿ

ಅವರಿಗೆ ಒಬ್ಬ ಬರ್ಮೀ ಪಂಡಿತ ಸಿಕ್ಕಿದ. ಅವನಿಗೆ ಇಂಗ್ಲಿಷ್ ಬಾರದು, ಇವರಿಗೆ ಬರ್ಮೀ ಬಾರದು. ಒಂದು ವಸ್ತುವನ್ನು ತೋರಿಸುವುದು, ಅವನು ಅದರ ಹೆಸರು ಹೇಳುವುದು, ಇವರು ಬರೆದುಕೊಳ್ಳುವುದು. ಪಾಠ ಶುರುವಾದದ್ದು ಹೀಗೆ. ತಾಳೆಗರಿಯ ಪುಸ್ತಕಗಳಲ್ಲಿ ಪದ ಮತ್ತು ಪದದ ನಡುವೆ ಜಾಗವೇ ಇಲ್ಲ. ಒಂದೇ ಸಾಲಾಗಿ ಅಕ್ಷರಗಳು ಹರಿಯುತ್ತವೆ. ಒಂದು ಪದ ಎಲ್ಲಿ ಮುಗಿಯಿತು ಎಂದು ತಿಳಿಯುವುದೇ ದೊಡ್ಡ ಕೆಲಸ.

ಮೊದಲಲ್ಲಿ ಆ ಪಂಡಿತನಿಗೆ ಹೆಂಗಸಿಗೆ ಕಲಿಸುವುದು ತನ್ನ ಮರ್ಯಾದೆಗೆ ಕಡಿಮೆ ಎನಿಸಿತು. ಆನ್ ಕಡೆಗೆ ಅವನು ಗಮನ ಕೊಡಲಿಲ್ಲ. ಅವಳು ಬಿಡುವವಳಲ್ಲ, ಗಂಡನಿಗೂ ಅವಳು ಕಲಿಯಬೇಕೆಂಬ ಆಸೆ ಇದೆ ಎಂದು ಗೊತ್ತಾದ ಮೇಲೆ ಸರಿಯಾಗಿ ಕಲಿಸತೊಡಗಿದ.

ಅಡೋನಿರಾಮ್ ದಿನವಿಡೀ ಪುಸ್ತಕದ ಮುಂದೆ ಕೂರುತ್ತಿದ್ದ. ಬರ್ಮೀ ಭಾಷೆಯ ಬೇರು ತಿಳಿಯಲು ಪಾಳಿಯನ್ನೂ ಓದಿದ. ಆನ್‌ಗೆ ಅಷ್ಟು ಸಮಯ ಇರಲಿಲ್ಲ. ಮನೆಯ ಜವಾಬ್ದಾರಿಯೆಲ್ಲ ಅವಳದು. ಅಡುಗೆ ಹೇಳಬೇಕು, ಸಾಮಾನು ತರಿಸಬೇಕು, ಕೆಲಸದವರ ಜೊತೆ ಮಾತಾಡಬೇಕು, ಬಂದ ಹೆಂಗಸರನ್ನು ಕೂರಿಸಬೇಕು. ಇದೆಲ್ಲ ಬರ್ಮೀಯಲ್ಲೇ ಆಗಬೇಕು. ಕೆಲವು ಕಾಲದ ನಂತರ ಆನ್ ಒಂದು ಪತ್ರದಲ್ಲಿ ಹೀಗೆಂದು ತಿಳಿಸುತ್ತಾಳೆ: ಭಾಷೆಯ ರಚನೆ ಗಂಡನಿಗೆ ಹೆಚ್ಚು ಗೊತ್ತು, ಆದರೆ ಮಾತಾಡುವುದರಲ್ಲೂ ಬೇರೆಯವರ ಮಾತು ಅರ್ಥ ಮಾಡಿಕೊಳ್ಳುವುದರಲ್ಲೂ ತಾನೇ ಮುಂದೆ.

ಇದನ್ನು ಓದಿದಾಗ ನನಗೆ ನಮ್ಮ ಅಮ್ಮಿಯ ನೆನಪಾಯಿತು. ನಮ್ಮ ಮನೆಮಾತು ಉರ್ದು. ಅಮ್ಮಿ ಕನ್ನಡ ಶಾಲೆಗೆ ಹೋದವರಲ್ಲ, ಕನ್ನಡ ಅಕ್ಷರವನ್ನು ಕೂಡಿಸಿ ಕೂಡಿಸಿ ಓದುತ್ತಾರೆ. ನಾನು ಸಂಧಿ, ಸಮಾಸ, ವಿಭಕ್ತಿ ಪ್ರತ್ಯಯ ಎಲ್ಲವನ್ನೂ ಬಾಯಿಪಾಠ ಮಾಡಿದ್ದೇನೆ. ಆದರೆ ಸಂತೆಯಲ್ಲಿ ಟೊಮೆಟೊ ಮಾರುವ ಅಜ್ಜಿಯ ಜೊತೆ ನಾನು ಮಾತಾಡಿದರೆ ಅಜ್ಜಿ ನಗುತ್ತಾರೆ. ಅಮ್ಮಿ ಮಾತಾಡಿದರೆ ಬೆಲೆ ಇಳಿಸಿ, ಮೇಲೆ ಒಂದು ಹಿಡಿ ಕೊತ್ತಂಬರಿ ಹಾಕುತ್ತಾರೆ. ವ್ಯಾಕರಣ ಬೇಡ ಎಂದು ನಾನು ಹೇಳುತ್ತಿಲ್ಲ. ಅಡೋನಿರಾಮ್‌ನ ವ್ಯಾಕರಣ ಇಲ್ಲದಿದ್ದರೆ ಅವನ ನಿಘಂಟು ಇರುತ್ತಿರಲಿಲ್ಲ. ಆದರೆ ಎರಡು ಬಗೆಯ ಕಲಿಕೆ ಇದೆ, ಎರಡಕ್ಕೂ ಬೆಲೆ ಇದೆ.

ಆನ್ ಅಲ್ಲಿಗೇ ನಿಲ್ಲಲಿಲ್ಲ. ರಂಗೂನಿನಲ್ಲಿ ಸಯಾಂ ದೇಶದ, ಅಂದರೆ ಇಂದಿನ ಥಾಯ್ಲೆಂಡಿನ, ಜನರೂ ಇದ್ದರು. ಅವರಿಂದ ಅವಳು ಥಾಯ್ ಭಾಷೆಯನ್ನೂ ಕಲಿತಳು. ಅವಳು ಥಾಯ್ ಭಾಷೆಗೆ ಅನುವಾದಿಸಿದ ಒಂದು ಚಿಕ್ಕ ಧರ್ಮಬೋಧೆಯ ಪುಸ್ತಕ 1819ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾಯಿತು.

ಕಷ್ಟಕಾಲಕ್ಕೆಂದು ಬೆಳೆಸಿದ ಪರಿಚಯ

ರಂಗೂನಿಗೆ ಬಂದ ಮೊದಲ ವರ್ಷದಲ್ಲೇ ಆನ್ ಅಲ್ಲಿಯ ರಾಜಪ್ರತಿನಿಧಿಯ ಹೆಂಡತಿಯನ್ನು ಭೇಟಿಯಾದಳು. ಇದು ಬರೀ ಸಲಾಮು ಹೇಳಲು ಹೋದದ್ದಲ್ಲ. ಮುಂದೆ ಏನಾದರೂ ತೊಂದರೆ ಬಂದರೆ, ಗಂಡಸರಿಗೆ ಪ್ರವೇಶ ಸಿಗದ ಕಡೆ ತನಗೆ ಸಿಗಲಿ ಎಂದು ಅವಳು ಯೋಚಿಸಿದ್ದಳು.

1815ರ ಸೆಪ್ಟೆಂಬರಿನಲ್ಲಿ ಅವರಿಗೆ ರೋಜರ್ ಎಂಬ ಗಂಡುಮಗು ಹುಟ್ಟಿತು. ಎಂಟು ತಿಂಗಳು ತುಂಬುವ ಮೊದಲೇ, 1816ರ ಮೇ 4ರಂದು ಆ ಮಗು ತೀರಿಕೊಂಡಿತು. ಮಾವಿನ ಮರಗಳ ನಡುವೆ ಅದನ್ನು ಮಣ್ಣು ಮಾಡಿದರು. ಸುದ್ದಿ ಕೇಳಿ ಆ ರಾಜಪ್ರತಿನಿಧಿಯ ಹೆಂಡತಿ ತನ್ನ ಪರಿವಾರದೊಂದಿಗೆ ಮನೆಗೆ ಬಂದಳು. ನನಗೆ ಏಕೆ ಹೇಳಿ ಕಳಿಸಲಿಲ್ಲ, ಮಣ್ಣಿಗೆ ಬರುತ್ತಿದ್ದೆನಲ್ಲ ಎಂದು ಬೇಸರಪಟ್ಟಳು. ಕೆಲವು ದಿನಗಳ ನಂತರ ದುಃಖ ಮರೆಯಲೆಂದು ಇಬ್ಬರನ್ನೂ ಆನೆಯ ಮೇಲೆ ಕೂರಿಸಿ ಊರ ಹೊರಗೆ ಕರೆದುಕೊಂಡು ಹೋದಳು. ಧರ್ಮ ಬೇರೆ, ದೇಶ ಬೇರೆ. ಆದರೂ ಮೌತ್ ಆದ ಮನೆಗೆ ಹೋಗಬೇಕೆಂಬುದು ಎಲ್ಲ ಕಡೆಯೂ ಒಂದೇ.

ಪ್ರಚಾರದ ಕೆಲಸ ಬಹಳ ನಿಧಾನವಾಗಿತ್ತು. ಸುಮಾರು ಆರು ವರ್ಷ ಒಬ್ಬ ಬರ್ಮೀಯನೂ ಅವರ ಧರ್ಮಕ್ಕೆ ಸೇರಲಿಲ್ಲ. 1819ರಲ್ಲಿ ಅವರು ಶ್ವೆಡಗೋನ್ ಪಗೋಡಾಕ್ಕೆ ಹೋಗುವ ದಾರಿಯ ಹತ್ತಿರ ಒಂದು ಜಯಾತ್ ಕಟ್ಟಿದರು. ಜಯಾತ್ ಎಂದರೆ ದಾರಿಹೋಕರು ಕೂತು ದಣಿವಾರಿಸಿಕೊಳ್ಳುವ ತೆರೆದ ಮಂಟಪ. ನಮ್ಮ ಮುಸಾಫಿರ್‌ಖಾನೆ ಇದ್ದಂತೆ. ಅಲ್ಲಿ ಕೂತು ಬಂದವರ ಜೊತೆ ಚರ್ಚೆ ಮಾಡುತ್ತಿದ್ದರು. ಆ ವರ್ಷದ ಜೂನ್‌ನಲ್ಲಿ ಮೌಂಗ್ ನಾ ಎಂಬವನು ಮೊದಲಿಗನಾಗಿ ಕ್ರೈಸ್ತನಾದ. 1820ರಲ್ಲಿ ಅಡೋನಿರಾಮ್ ರಾಜ ಬಾಗ್ಯೀಡಾನ ಬಳಿಗೆ ಹೋಗಿ, ಹೊಸ ಧರ್ಮಕ್ಕೆ ಸೇರುವ ಪ್ರಜೆಗಳಿಗೆ ಶಿಕ್ಷೆ ಕೊಡಬಾರದೆಂದು ಅರ್ಜಿ ಕೊಟ್ಟ. ರಾಜ ಅದನ್ನು ಒಪ್ಪಲಿಲ್ಲ. ಆದರೆ ಮುಂದೆ ಇವರ ಜೊತೆಗಾರನಾದ ಡಾಕ್ಟರ್ ಪ್ರೈಸ್ ಕಣ್ಣಿನ ಚಿಕಿತ್ಸೆ ಬಲ್ಲವನೆಂದು ಆಸ್ಥಾನಕ್ಕೆ ಕರೆ ಬಂತು. ಹೀಗೆ ದಾರಿ ತೆರೆದು, 1824ರ ಆರಂಭದಲ್ಲಿ ಜಡ್ಸನ್ ದಂಪತಿ ರಾಜಧಾನಿ ಆವಾಕ್ಕೆ ಬಂದು ಮೂರು ಕೋಣೆಯ ಪುಟ್ಟ ಮನೆ ಕಟ್ಟಿಕೊಂಡರು.

ಲೆಕ್ಕದ ಪುಸ್ತಕ ಹೇಳಿದ ಸಾಕ್ಷಿ

ಈಗ ಮೊದಲು ಹೇಳಿದ ಹುಂಡಿಯ ವಿಷಯಕ್ಕೆ ಬರೋಣ. ಅವರ ಖರ್ಚಿಗೆ ಹಣ ಕೊಡುತ್ತಿದ್ದವರು ಅಮೆರಿಕದ ಬ್ಯಾಪ್ಟಿಸ್ಟ್ ಸಭೆಯವರು. ಆ ಹಣ ಬಂಗಾಳದವರೆಗೆ ಬರುತ್ತಿತ್ತು. ಬಂಗಾಳದಿಂದ ಆವಾಕ್ಕೆ ಹೇಗೆ ಬರಬೇಕು? ಆಗ ಬರ್ಮಾದಲ್ಲಿ ನಾಣ್ಯವೇ ಚಲಾವಣೆಯಲ್ಲಿರಲಿಲ್ಲ. ಬೆಳ್ಳಿಯನ್ನು ತೂಕ ಮಾಡಿ ಕೊಡುತ್ತಿದ್ದರು. ಆ ತೂಕಕ್ಕೆ ಟಿಕಲ್ ಎಂದು ಹೆಸರು. ಬೆಳ್ಳಿಯ ಮೂಟೆ ಹೊತ್ತು ತಿಂಗಳುಗಟ್ಟಲೆ ಪ್ರಯಾಣ ಮಾಡುವುದು ಅಪಾಯ.

ಆವಾದಲ್ಲಿ ಹೆನ್ರಿ ಗೂಜರ್ ಎಂಬ ಇಂಗ್ಲಿಷ್ ವ್ಯಾಪಾರಿ ಇದ್ದ. ವ್ಯಾಪಾರದಿಂದ ಅವನ ಕೈಯಲ್ಲಿ ಬೆಳ್ಳಿ ಇರುತ್ತಿತ್ತು. ಆದರೆ ಬೆಳ್ಳಿಯನ್ನು ಬರ್ಮಾದಿಂದ ಹೊರಗೆ ಒಯ್ಯುವುದಕ್ಕೆ ನಿರ್ಬಂಧ ಇತ್ತು. ಇವರಿಗೆ ಹಣ ಒಳಗೆ ಬರಬೇಕು, ಅವನಿಗೆ ಹಣ ಹೊರಗೆ ಹೋಗಬೇಕು. ಆದ್ದರಿಂದ ಅಡೋನಿರಾಮ್ ಬಂಗಾಳದಲ್ಲಿ ಹಣ ಕೊಡುವಂತೆ ಒಂದು ಚೀಟಿ ಬರೆದು ಗೂಜರ್‌ಗೆ ಕೊಡುತ್ತಿದ್ದ. ಗೂಜರ್ ಆವಾದಲ್ಲಿ ಬೆಳ್ಳಿ ಕೊಡುತ್ತಿದ್ದ. ಗೂಜರ್‌ನ ಕಡೆಯವರು ಬಂಗಾಳದಲ್ಲಿ ಆ ಚೀಟಿ ತೋರಿಸಿ ಹಣ ಪಡೆಯುತ್ತಿದ್ದರು. ಬೆಳ್ಳಿ ಎಲ್ಲಿತ್ತೋ ಅಲ್ಲೇ ಉಳಿಯಿತು, ಕಾಗದ ಮಾತ್ರ ಪ್ರಯಾಣ ಮಾಡಿತು. ನಮ್ಮ ಪಾಠಪುಸ್ತಕದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ನೋಡಿಲ್ಲ.

1824ರ ಮಾರ್ಚಿನಲ್ಲಿ ಕಂಪನಿ ಸರಕಾರ ಬರ್ಮಾದ ಮೇಲೆ ಯುದ್ಧ ಸಾರಿತು. ಮೇ 11ರಂದು ಇಂಗ್ಲಿಷರು ರಂಗೂನನ್ನು ಹಿಡಿದರು. ಆವಾದಲ್ಲಿದ್ದ ಇಂಗ್ಲಿಷರನ್ನು ಬಂಧಿಸಿ, ಗೂಜರ್‌ನ ಲೆಕ್ಕದ ಪುಸ್ತಕಗಳನ್ನು ಪರಿಶೀಲಿಸಿದರು. ಅದರಲ್ಲಿ ಜಡ್ಸನ್‌ಗೂ ಪ್ರೈಸ್‌ಗೂ ದೊಡ್ಡ ದೊಡ್ಡ ಮೊತ್ತ ಕೊಟ್ಟದ್ದು ಬರೆದಿತ್ತು. ಚೀಟಿಯ ಮೂಲಕ ಹಣ ಪಡೆಯುವ ಪದ್ಧತಿ ಆ ಅಧಿಕಾರಿಗಳಿಗೆ ತಿಳಿಯದು. ಇಂಗ್ಲಿಷ್ ವ್ಯಾಪಾರಿ ಸುಮ್ಮನೆ ಏಕೆ ಹಣ ಕೊಡುತ್ತಾನೆ? ಇವರು ಇಂಗ್ಲಿಷರ ಸಂಬಳ ತಿನ್ನುವ ಗೂಢಚಾರರೇ ಇರಬೇಕು ಎಂದು ತೀರ್ಮಾನಿಸಿದರು. ಹನ್ನೆರಡು ವರ್ಷದ ಹಿಂದೆ ಕಂಪನಿ ಹೊರಹಾಕಿದವರೇ ಈಗ ಕಂಪನಿಯ ಗೂಢಚಾರರಾದರು. ಲೆಕ್ಕದಲ್ಲಿ ಸುಳ್ಳು ಇರಲಿಲ್ಲ. ಆದರೆ ಪುಸ್ತಕ ಅರ್ಧ ಸತ್ಯ ಮಾತ್ರ ಹೇಳಿತು. ಉಳಿದ ಅರ್ಧ ಬಂಗಾಳದ ಪುಸ್ತಕದಲ್ಲಿತ್ತು.

ಬರ್ಮೀಯರನ್ನು ಮೂರ್ಖರೆಂದು ನಾವು ನಗಬಾರದು. ವ್ಯಾಪಾರಕ್ಕೆಂದು ಬಂದ ಕಂಪನಿ ನಮ್ಮ ದೇಶದಲ್ಲಿ ಏನು ಮಾಡಿತು ಎಂದು ನಮಗೆ ಗೊತ್ತು. ಅವರ ಭಯಕ್ಕೆ ಕಾರಣ ಇತ್ತು. ಆದರೆ ಆ ಭಯ ತಪ್ಪು ಮನೆಯ ಬಾಗಿಲು ತಟ್ಟಿತು.

ಸೆರೆಮನೆಯ ದಿನಚರಿ

ಜೂನ್ 8ರಂದು ಊಟದ ಸಮಯಕ್ಕೆ ಅಧಿಕಾರಿಗಳು ಬಂದು ಅಡೋನಿರಾಮ್‌ನನ್ನು ಹಗ್ಗದಿಂದ ಬಿಗಿದು ಕರೆದುಕೊಂಡು ಹೋದರು. ಕಾಲಿಗೆ ಮೂರು ಜೊತೆ ಬೇಡಿ. ರಾತ್ರಿ ಬೇಡಿಯ ನಡುವೆ ಬಿದಿರಿನ ಗಳು ಸೇರಿಸಿ ಕಾಲುಗಳನ್ನು ಮೇಲಕ್ಕೆ ಎತ್ತುತ್ತಿದ್ದರು. ಕೈದಿಗೆ ಊಟ ಕೊಡುವುದು ಸರಕಾರದ ಕೆಲಸವಲ್ಲ, ಮನೆಯವರೇ ತರಬೇಕು.

ಅಂದಿನಿಂದ ಆನ್‌ನ ದಿನಚರಿ ಬದಲಾಯಿತು. ಮನೆಯಿಂದ ಸೆರೆಮನೆಗೆ ಸುಮಾರು ಮೂರು ಕಿಲೋಮೀಟರ್. ಊಟ ಹೊತ್ತು ನಡೆದು ಹೋಗುವುದು, ಅಧಿಕಾರಿಗಳ ಮನೆ ಮನೆ ಸುತ್ತುವುದು, ಕತ್ತಲಾದ ಮೇಲೆ ಮರಳಿ ಬರುವುದು. ಸರಕಾರದವರು ಮನೆಯ ಆಸ್ತಿ ಪಟ್ಟಿ ಮಾಡಲು ಬರುವ ಮೊದಲೇ ಅವಳು ಸ್ವಲ್ಪ ಬೆಳ್ಳಿಯನ್ನು ಬಚ್ಚಿಟ್ಟಳು. ಸಿಕ್ಕಿದ ಬೆಳ್ಳಿಯ ಬಗ್ಗೆ, ಇದು ನಮ್ಮ ಸ್ವಂತದ್ದಲ್ಲ, ಧರ್ಮಕಾರ್ಯಕ್ಕೆಂದು ಜನ ಕೊಟ್ಟದ್ದು ಎಂದು ವಿವರಿಸಿದಳು. ಅಮಾನತ್ ಎಂಬ ಮಾತಿನ ಅರ್ಥ ಬಲ್ಲ ನಮಗೆ ಆ ವಾದ ಬೇಗ ಅರ್ಥವಾಗುತ್ತದೆ. ಅವರಿಗೂ ಅರ್ಥವಾಯಿತು. ರಾಜ ಆ ಹಣವನ್ನು ಖರ್ಚು ಮಾಡದೆ ಬೇರೆ ಇಡಲು ಹೇಳಿದ.

ಸೆರೆಮನೆಯ ಒಬ್ಬ ಅಧಿಕಾರಿ 200 ಟಿಕಲ್ ಬೆಳ್ಳಿಯ ಜೊತೆಗೆ ನಯವಾದ ಬಟ್ಟೆ ಮತ್ತು ಕರವಸ್ತ್ರಗಳನ್ನೂ ಕೇಳಿದ. ಬೆಳ್ಳಿ ಇದೆ, ಬಟ್ಟೆ ನನ್ನ ಬಳಿ ಇಲ್ಲ, ಅದನ್ನು ಕೇಳಬೇಡಿ ಎಂದು ಅವಳು ಬೇಡಿಕೊಂಡಳು. ಅವನು ಒಪ್ಪಿದ. ಇದು ಅಡುಗೆಮನೆಯಲ್ಲಿ, ಬಜಾರಿನಲ್ಲಿ ಕಲಿತ ಬರ್ಮೀ. ಎಲ್ಲಿ ಜೋರು ಮಾಡಬೇಕು, ಎಲ್ಲಿ ತಗ್ಗಬೇಕು ಎಂಬುದು ವ್ಯಾಕರಣದ ಪುಸ್ತಕದಲ್ಲಿ ಇರುವುದಿಲ್ಲ.

ನಗರದ ಗವರ್ನರ್ ಒಬ್ಬ ಮುದುಕ. ಆನ್ ಅವನ ಮನೆಗೆ ಹೋಗಿ ಅಮೆರಿಕದ ರೀತಿನೀತಿಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದಳು. ಅವಳು ಬಾರದ ದಿನ ಅವನಿಗೆ ಬೇಸರವಾಗುತ್ತಿತ್ತು. ಒಂದು ದಿನ ಅವನು ಅವಳಿಗೆ ನಿಜ ಹೇಳಿದ. ಬಿಳಿಯ ಕೈದಿಗಳನ್ನು ಗುಟ್ಟಾಗಿ ಕೊಲ್ಲಬೇಕೆಂದು ತನಗೆ ಮೂರು ಸಲ ಆಜ್ಞೆ ಬಂದಿತ್ತು. ಆದರೆ ತಾನು ಹಾಗೆ ಮಾಡಲಿಲ್ಲ, ಉಳಿದವರನ್ನು ಕೊಂದರೂ ನಿನ್ನ ಗಂಡನನ್ನು ಕೊಲ್ಲುವುದಿಲ್ಲ ಎಂದ. ಒಂದು ಭಾಷೆಯನ್ನು ಚೆನ್ನಾಗಿ ಮಾತಾಡಲು ಕಲಿತದ್ದರ ಬೆಲೆ ಇದು.

ತಲೆದಿಂಬಿನ ವಿಷಯವೂ ಹೇಳಬೇಕು. ಅಡೋನಿರಾಮ್ ವರ್ಷಗಟ್ಟಲೆ ಮಾಡಿದ ಬೈಬಲ್ ಅನುವಾದದ ಹಸ್ತಪ್ರತಿಯನ್ನು ಆನ್ ಮೊದಲು ನೆಲದಲ್ಲಿ ಹೂತಿಟ್ಟಳು. ಮಳೆಗಾಲದಲ್ಲಿ ಅದು ಕೊಳೆಯುತ್ತದೆಂದು ತೆಗೆದು, ಗಟ್ಟಿಯಾದ, ಯಾರಿಗೂ ಆಸೆ ಹುಟ್ಟಿಸದಂಥ ಒಂದು ದಿಂಬಿನೊಳಗೆ ಹೊಲಿದು ಗಂಡನಿಗೆ ಕೊಟ್ಟಳು. ಕೈದಿಗಳನ್ನು ಬೇರೆ ಕಡೆ ಸಾಗಿಸುವಾಗ ಕಾವಲುಗಾರರು ಹೊರಗಿನ ಚಾಪೆ ಕಿತ್ತುಕೊಂಡು ಒಳಗಿನ ಹತ್ತಿಯ ಗಂಟನ್ನು ಎಸೆದರು. ಮೌಂಗ್ ಇಂಗ್ ಎಂಬ ಬರ್ಮೀ ಶಿಷ್ಯ ಯಜಮಾನನ ನೆನಪಿಗಿರಲಿ ಎಂದು ಅದನ್ನು ಎತ್ತಿಟ್ಟುಕೊಂಡ. ತಿಂಗಳುಗಳ ನಂತರ ನೋಡಿದರೆ ಹಸ್ತಪ್ರತಿ ಸುರಕ್ಷಿತವಾಗಿತ್ತು.

1825ರ ಜನವರಿ 26ರಂದು ಮರಿಯಾ ಎಂಬ ಹೆಣ್ಣುಮಗು ಹುಟ್ಟಿತು. ಮೇ ತಿಂಗಳ ಬಿಸಿಲಿನಲ್ಲಿ ಕೈದಿಗಳನ್ನು ಬರಿಗಾಲಿನಲ್ಲಿ ಔಂಗ್‌ಬಿನ್ಲೆ ಎಂಬ ಹಳ್ಳಿಗೆ ನಡೆಸಿದರು. ಅಡೋನಿರಾಮ್‌ನ ಪಾದ ಸುಟ್ಟು ರಕ್ತ ಸುರಿಯಿತು. ಗೂಜರ್‌ನ ಬಂಗಾಳಿ ಸೇವಕ ತನ್ನ ಪೇಟವನ್ನು ಹರಿದು ಅರ್ಧ ಯಜಮಾನನಿಗೆ, ಅರ್ಧ ಅಡೋನಿರಾಮ್‌ಗೆ ಪಾದಕ್ಕೆ ಸುತ್ತಲು ಕೊಟ್ಟ. ಆನ್ ಕೈಗೂಸಿನೊಡನೆ ಹಿಂಬಾಲಿಸಿ, ಆ ಹಳ್ಳಿಯಲ್ಲಿ ಧಾನ್ಯ ತುಂಬುವ ಕೋಣೆಯಲ್ಲಿ ಆರು ತಿಂಗಳು ಕಳೆದಳು. ಅವಳು ಕಾಯಿಲೆಬಿದ್ದು ಎದೆಹಾಲು ಬತ್ತಿತು. ಆಗ ಅಡೋನಿರಾಮ್ ಕಾವಲುಗಾರರ ಅನುಮತಿ ಪಡೆದು, ಬೇಡಿ ತೊಟ್ಟ ಕಾಲಿನಲ್ಲೇ ಮಗುವನ್ನು ಎತ್ತಿಕೊಂಡು ಹಳ್ಳಿಯ ಬಾಣಂತಿಯರ ಬಾಗಿಲಿಗೆ ಹೋಗಿ ಹಾಲು ಬೇಡಿದ. ಅವರು ಕೊಟ್ಟರು. ಇವರ ದೇಶದ ಮೇಲೆ ಯುದ್ಧ ನಡೆಯುತ್ತಿದೆ, ಇವನು ಗೂಢಚಾರ ಎಂದು ಹೇಳುತ್ತಾರೆ. ಆದರೆ ಮಗು ಹಸಿದಿದೆ, ಅಷ್ಟೇ ಆ ತಾಯಂದಿರಿಗೆ ಕಂಡದ್ದು. ಇವರ ಬಂಗಾಳಿ ಅಡುಗೆಯವನು ತನ್ನ ಜಾತಿಯ ಕಟ್ಟಳೆಯನ್ನೆಲ್ಲ ಬದಿಗಿಟ್ಟು ಸೌದೆ, ನೀರು ಹೊತ್ತು ಇಡೀ ಕುಟುಂಬವನ್ನು ನೋಡಿಕೊಂಡ.

ಇವೆಲ್ಲ ನಮಗೆ ತಿಳಿದಿರುವುದು 1826ರಲ್ಲಿ ಆನ್ ತನ್ನ ಮೈದುನನಿಗೆ ಬರೆದ ದೀರ್ಘ ಪತ್ರದಿಂದ.

ಕೊನೆಯ ಲೆಕ್ಕ

1825ರ ನವೆಂಬರಿನಲ್ಲಿ ಸಂಧಾನಕ್ಕೆ ದುಭಾಷಿ ಬೇಕಾದಾಗ ಬರ್ಮೀ ಸರಕಾರ ಅಡೋನಿರಾಮ್‌ನನ್ನೇ ಕರೆಸಿತು. ಗೂಢಚಾರ ಎಂದು ಹಿಡಿದವನ ಭಾಷೆಯ ಮೇಲೆಯೇ ಕೊನೆಗೆ ನಂಬಿಕೆ ಇಡಬೇಕಾಯಿತು. 1826ರ ಫೆಬ್ರವರಿ 24ರಂದು ಯಾಂಡಬೋ ಒಪ್ಪಂದವಾಯಿತು. ಬರ್ಮಾ ಹಲವು ಪ್ರಾಂತ್ಯಗಳನ್ನು ಕಳೆದುಕೊಂಡಿತು, ಮೇಲೆ ಒಂದು ಕೋಟಿ ರೂಪಾಯಿ ದಂಡ ಕೊಡಬೇಕಾಯಿತು.

ಅದೇ ವರ್ಷದ ಅಕ್ಟೋಬರ್ 24ರಂದು, ಗಂಡ ಊರಿನಲ್ಲಿ ಇಲ್ಲದಾಗ, ಆನ್ ಜ್ವರದಿಂದ ತೀರಿಕೊಂಡಳು. ಅವಳಿಗೆ ಆಗ 36 ವರ್ಷ. ಆರು ತಿಂಗಳಿಗೆ ಮರಿಯಾ ಕೂಡ ಹೋದಳು. ಅಡೋನಿರಾಮ್ 1834ರಲ್ಲಿ ಬರ್ಮೀ ಬೈಬಲ್ ಅನುವಾದವನ್ನು ಮುಗಿಸಿದ, ನಿಘಂಟಿನ ಕೆಲಸ ಮಾಡುತ್ತಾ 1850ರಲ್ಲಿ ಸಮುದ್ರಯಾನದಲ್ಲಿ ತೀರಿಕೊಂಡ.

ನಾನು ಮುಸ್ಲಿಮ್. ಅವರು ಯಾವುದಕ್ಕಾಗಿ ಅಷ್ಟು ದೂರ ಹೋದರೋ ಆ ವಿಷಯದಲ್ಲಿ ನನ್ನ ನಂಬಿಕೆ ಬೇರೆ. ಆ ದೇಶದ ಬೌದ್ಧರ ನಂಬಿಕೆಯೂ ಬೇರೆ. ಆದರೆ ಪರದೇಶದಲ್ಲಿ ಒಂದು ಸಂಸಾರ ಹೇಗೆ ನಿಂತಿತು ಎಂದು ತಿಳಿಯಲು ನಂಬಿಕೆ ಒಂದೇ ಆಗಬೇಕಿಲ್ಲ. ಬೇರೆಯವರ ಬಗ್ಗೆ ಒಂದು ಪುಟ ಓದಿ ತೀರ್ಪು ಕೊಡುವುದು ಎಷ್ಟು ಅಪಾಯ ಎಂದು ಗೂಜರ್‌ನ ಲೆಕ್ಕದ ಪುಸ್ತಕ ಕಲಿಸುತ್ತದೆ. ನಮ್ಮ ಬಗ್ಗೆಯೂ ಒಂದು ಪುಟ ಓದಿ ಮಾತಾಡುವವರು ಇದ್ದಾರೆ; ನಾವೂ ಬೇರೆಯವರ ಬಗ್ಗೆ ಹಾಗೆ ಮಾಡುತ್ತೇವೆ.

ಅಡೋನಿರಾಮ್‌ನ ಖರ್ಚಿನ ಪ್ರತಿ ಟಿಕಲ್ ಎಲ್ಲೋ ಒಂದು ಪುಸ್ತಕದಲ್ಲಿ ಬರೆದಿತ್ತು. ಆನ್ ನೆರೆಯವರ ಜೊತೆ ಮಾತಾಡಿ ಗಳಿಸಿದ್ದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಅದೇ. ಮುಂದಿನ ಶುಕ್ರವಾರ ಸಂತೆಗೆ ಅಮ್ಮಿಯ ಜೊತೆ ನಾನೂ ಹೋಗುತ್ತೇನೆ. ಚೀಲ ಹೊರುವುದು ನನ್ನ ಕೆಲಸ. ಮಾತು ಅವರದು, ಕೇಳುವುದು ನನ್ನದು.